ಟರ್ಬೋ ಗಾಡೀಲಿ ಬೂಸ್ಟ್ ಸೆನ್ಸರ್ ಕೋಡ್ ಬಂದಾಗ ಸೆನ್ಸರ್ ಬಿಚ್ಚೋಕೆ ಮುಂಚೆ ಏನೇನು ನೋಡ್ಬೇಕು

ಟರ್ಬೋ ಇಂಜಿನ್ನೊಳಗೆ ಒತ್ತಿ ತುಂಬೋ ಗಾಳಿಯ ಒತ್ತಡಾನೇ ಬೂಸ್ಟ್, ಅದನ್ನ ಅಳೆಯೋದು ಬೂಸ್ಟ್ ಸೆನ್ಸರ್, ಕೋಡ್ ಅಂದ್ರೆ ಗಾಡಿ ಕಂಪ್ಯೂಟರ್ ಬರೆದಿಡೋ ದೋಷದ ನಂಬರ್. ಲಕ್ಷಣ ಹೆಚ್ಚೂಕಮ್ಮಿ ಎಲ್ಲಾ ಗಾಡೀಲೂ ಒಂದೇ. ಊರೊಳಗೆ ಚೆನ್ನಾಗೇ ಓಡ್ತಿರತ್ತೆ, ಶಿರಾಡಿನೋ ಚಾರ್ಮಾಡಿನೋ ಹತ್ತೋವಾಗ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ ತಕ್ಷಣ ಪಿಕಪ್ ಸತ್ತೋಗತ್ತೆ, ಚೆಕ್ ಇಂಜಿನ್ ಲೈಟ್ ಹತ್ಕೊಳತ್ತೆ, ಆರ್‌ಪಿಎಂ 3000 ಹತ್ರ ಬಂದು ಅಲ್ಲೇ ನಿಂತ್ಬಿಡತ್ತೆ, ಸೈಡಿಗೆ ಹಾಕಿ ಕೀ ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ಓಡತ್ತೆ, ಮುಂದಿನ ಏರಿಗೆ ಮತ್ತೆ ಅದೇ ಕಥೆ. ಇದು ಲಿಂಪ್ ಮೋಡ್. ಗಾಳಿ ಎಷ್ಟು ಬರ್ತಿದೆ ಅನ್ನೋದ್ರ ಮೇಲೆ ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್) ನಂಬಿಕೆ ಹೋದ್ರೆ ಡೀಸೆಲ್ ಕಟ್ ಮಾಡಿ ಇಂಜಿನ್ ಉಳಿಸ್ಕೊಳತ್ತೆ, ಅಷ್ಟೇ.

ಆಮೇಲೆ ನಡೆಯೋದೂ ಗೊತ್ತಿರೋದೇ. ಸ್ಕ್ಯಾನರ್ ಹಾಕ್ತಾರೆ, ಕೋಡ್ ಹೆಸ್ರಲ್ಲಿ "ಬೂಸ್ಟ್ ಸೆನ್ಸರ್" ಅಂತಿರತ್ತೆ, ಸೆನ್ಸರ್ ಚೇಂಜ್ ಮಾಡಿ ಅಂತಾರೆ, ಮಾಡ್ತೀವಿ, ವಾರ ಬಿಟ್ಟು ಅದೇ ಕೋಡು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ. ಎಷ್ಟೋ ಸಲ ಸೆನ್ಸರ್ ನಿಜಾನೇ ಹೇಳ್ತಿರತ್ತೆ, ಬೂಸ್ಟೇ ಬರ್ತಿರಲ್ಲ, ಇಲ್ಲಾ ವೈರಲ್ಲಿ ಎಡವಟ್ಟಾಗಿರತ್ತೆ. ಹಂಗಾಗಿ ಸೆನ್ಸರ್ ಸುಳ್ಳು ಹೇಳ್ತಿದ್ಯಾ ನಿಜ ಹೇಳ್ತಿದ್ಯಾ ಅಂತ ಮೊದ್ಲು ತೀರ್ಮಾನ ಮಾಡ್ಬೇಕು, ಅದಕ್ಕೆ ಇಂಜಿನ್ ಸ್ಟಾರ್ಟ್ ಕೂಡ ಮಾಡ್ಬೇಕಾಗಿಲ್ಲ.

ನಾನಿಲ್ಲಿ ಮುಖ್ಯವಾಗಿ ನಮ್ ಕಡೆ ಹೆಚ್ಚಾಗಿ ಓಡೋ 1.3 ಲೀಟರ್ ಮಲ್ಟಿಜೆಟ್ ಮನಸ್ಸಲ್ಲಿ ಇಟ್ಕೊಂಡು ಬರೀತಿದೀನಿ, ಅದೇ 1248 ಸಿಸಿ ಇಂಜಿನ್ನು, ಸ್ವಿಫ್ಟ್, ಡಿಸೈರ್, ರಿಟ್ಜ್, ವಿಸ್ಟಾ, ಪುಂಟೊ ಎಲ್ಲದ್ರಲ್ಲೂ ಬೇರೆಬೇರೆ ಹೆಸ್ರಲ್ಲಿ ಬಂತು. ಬೇರೆ ಡೀಸೆಲ್‌ಗೂ ವಿಷಯ ಇದೇನೇ, ಟರ್ಬೋ ಪೆಟ್ರೋಲ್‌ಗೆ ಎಲ್ಲಿ ವ್ಯತ್ಯಾಸ ಅಂತ ಮಧ್ಯದಲ್ಲಿ ಹೇಳ್ತೀನಿ.

ಕೋಡ್ ಅಳಿಸ್ಬೇಡಿ, ಮೊದ್ಲು ಓದಿ

ಕ್ಲಿಯರ್ ಬಟನ್ ಒತ್ತೋಕೆ ಮುಂಚೆ ಫ್ರೀಜ್ ಫ್ರೇಮ್ ನೋಡಿ ಫೋಟೋ ತೆಗೆದಿಟ್ಕೊಳ್ಳಿ, ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು, ಪ್ರೆಶರ್ ಎಷ್ಟು ತೋರಿಸ್ತಿತ್ತು ಅಂತ ಅದ್ರಲ್ಲಿರತ್ತೆ, ಅಳಿಸಿದ್ರೆ ಅದೂ ಹೋಯ್ತು.

ಕೋಡ್‌ಗಳು ಮೂರು ಜಾತಿ. ಪಿ0237, ಪಿ0238 ಬಂದ್ರೆ ಅದು ಕರೆಂಟಿನ ವಿಷಯ, ಸಿಗ್ನಲ್ ವೋಲ್ಟೇಜ್ ಇರ್ಬೇಕಾದ್ದಕ್ಕಿಂತ ತೀರಾ ಕೆಳಗೆ ಅಥ್ವಾ ತೀರಾ ಮೇಲೆ ಹೋಗಿದೆ ಅಂತ. ಕೆಲವು ಗಾಡೀಲಿ ಇದೇ ಸಮಸ್ಯೆಗೆ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್, ಅಂದ್ರೆ ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ, ಅದ್ರೊಳಗಿನ ಒತ್ತಡ ಅಳೆಯೋದು) ಹೆಸ್ರಲ್ಲಿ ಪಿ0107, ಪಿ0108 ಬರತ್ತೆ. ಎರಡನೇದು ಪಿ0236 ಅಥ್ವಾ ಪಿ0106, ವೋಲ್ಟೇಜ್ ಸರಿ ಇದೆ ಆದ್ರೆ ಸೆನ್ಸರ್ ಹೇಳೋ ನಂಬರ್ ಮೇಲೆ ಇಸಿಯುಗೆ ಅನುಮಾನ. ಮೂರನೇದು ಪಿ0299, ಅಂಡರ್ ಬೂಸ್ಟ್, ಇದ್ರ ಅಣ್ಣ ಪಿ0234 ಓವರ್ ಬೂಸ್ಟ್. ಪಿ0299 ಬಂದಾಗ ಸೆನ್ಸರ್ ಬದಲಾಯ್ಸೋದು ನನ್ ಪ್ರಕಾರ ಶುದ್ಧ ದಂಡ, ಯಾಕಂದ್ರೆ ಅಲ್ಲಿ ಇಸಿಯು ಸೆನ್ಸರ್ ಮಾತನ್ನ ನಂಬಿಯೇ ಬೂಸ್ಟ್ ಕಮ್ಮಿ ಇದೆ ಅಂತ ಹೇಳ್ತಿರೋದು. ಸೆನ್ಸರೇ ಕಮ್ಮಿ ತೋರಿಸ್ತಿರೋ ಸಾಧ್ಯತೆ ಇಲ್ವೇ ಇಲ್ಲ ಅಂತಲ್ಲ, ಅದನ್ನ ಈಗ ಹೇಳೋ ಟೆಸ್ಟಲ್ಲಿ ಎರಡು ನಿಮಿಷಕ್ಕೆ ಹಿಡೀಬೋದು.

ಕೀ ಆನ್, ಇಂಜಿನ್ ಆಫ್

ನಂಗೆ ಒಂದೇ ಒಂದು ಟೆಸ್ಟ್ ಮಾಡು ಅಂದ್ರೆ ಇದನ್ನೇ ಮಾಡೋದು. ಈ ಸೆನ್ಸರ್ ಅಳೆಯೋದು ಆಬ್ಸಲ್ಯೂಟ್ ಪ್ರೆಶರ್, ಅಂದ್ರೆ ಸೊನ್ನೆ ಅಂದ್ರೆ ಪೂರ್ತಿ ನಿರ್ವಾತ, ಇಂಜಿನ್ ನಿಂತಿರೋವಾಗ ಮ್ಯಾನಿಫೋಲ್ಡ್ ಒಳಗೂ ಹೊರಗೂ ಒಂದೇ ಗಾಳಿ, ಹಂಗಾಗಿ ಸೆನ್ಸರ್ ತೋರಿಸ್ಬೇಕಾದ್ದು ಆ ಊರಿನ ವಾತಾವರಣದ ಒತ್ತಡ, ಅಷ್ಟೇ, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ಬ್ಲೂಟೂತ್ ಓಬಿಡಿ ಅಡಾಪ್ಟರ್ (ಗಾಡಿಯ ಸ್ಕ್ಯಾನರ್ ಸಾಕೆಟ್‌ಗೆ ಚುಚ್ಚೋದು) ಹಾಕಿ, ಫೋನಲ್ಲಿ ಯಾವ್ದಾದ್ರೂ ಆಪ್ ತೆಗ್ದು, ಇಂಟೇಕ್ ಮ್ಯಾನಿಫೋಲ್ಡ್ ಪ್ರೆಶರ್ ಅನ್ನೋ ರೀಡಿಂಗ್ ನೋಡಿ.

ಇಲ್ಲಿ ತುಂಬಾ ಜನ ಎಡವ್ತಾರೆ. ಮ್ಯಾನ್ಯುಯಲ್‌ಗಳಲ್ಲಿ, ವಿಡಿಯೋಗಳಲ್ಲಿ ಎಲ್ಲಾ 100 ಅಥ್ವಾ 101 ಕಿಲೋಪಾಸ್ಕಲ್ ಬರ್ಬೇಕು ಅಂತಾರೆ, ಅದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಲ್ಲೋ ಕಾರವಾರದಲ್ಲೋ ಸರಿ. ಬೆಂಗಳೂರು ಇರೋದು 900 ಮೀಟರ್ ಮೇಲೆ, ಇಲ್ಲಿ ಸುಮಾರು 91 ಬರ್ಬೇಕು. ಮೈಸೂರಲ್ಲಿ 92-93, ಮಡಿಕೇರೀಲಿ 88-89, ಕಲಬುರಗೀಲಿ 96 ಆಸುಪಾಸು, ಮುಳ್ಳಯ್ಯನಗಿರಿ ತುದಿಗೆ ಹೋದ್ರೆ 80-81. ಬೆಂಗಳೂರಲ್ಲಿ ಗಾಡಿ 91 ತೋರಿಸ್ತಿದ್ರೆ ಸೆನ್ಸರ್ ವೀಕ್ ಆಗಿದೆ ಅಂತ ಬಿಚ್ಚಿ ಬಿಸಾಡೋರೂ ಇದಾರೆ, 101 ತೋರಿಸ್ತಿದ್ರೆ ಕರೆಕ್ಟಾಗಿದೆ ಅಂತ ಬಿಡೋರೂ ಇದಾರೆ, ಎರಡೂ ಉಲ್ಟಾ. ಬೆಂಗಳೂರಲ್ಲಿ 101 ತೋರಿಸೋ ಸೆನ್ಸರೇ ಸುಳ್ಳು ಹೇಳ್ತಿರೋದು.

ಹವಾಮಾನದ ಆಪ್ ನೋಡಿ ತಾಳೆ ಹಾಕೋಣ ಅಂತ ಹೋಗ್ಬೇಡಿ. ಅದ್ರಲ್ಲಿ ಬೆಂಗಳೂರಿಗೆ 1012, 1014 ಹೆಕ್ಟೋಪಾಸ್ಕಲ್ ಅಂತ ತೋರಿಸತ್ತೆ, ಅದು ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿ ಕೊಟ್ಟಿರೋ ನಂಬರ್, ನಿಮ್ ಮನೆ ಮುಂದಿನ ನಿಜವಾದ ಒತ್ತಡ ಸುಮಾರು 910. ಫೋನಲ್ಲೇ ಬ್ಯಾರೋಮೀಟರ್ ಇದ್ರೆ ಅದ್ರ ಆಪಲ್ಲಿ ಬರೋ ಕಚ್ಚಾ ರೀಡಿಂಗ್ ಸರಿ, ಇಲ್ದಿದ್ರೆ ಅದೇ ಊರಲ್ಲಿರೋ ಇನ್ನೊಂದು ಟರ್ಬೋ ಗಾಡಿಗೆ ಅಡಾಪ್ಟರ್ ಚುಚ್ಚಿ ನೋಡಿ. ಗಾಡಿ ಇಸಿಯು ಒಳಗೇ ಬೇರೆ ಬ್ಯಾರೋಮೀಟರ್ ಸೆನ್ಸರ್ ಇದ್ರೆ ಬ್ಯಾರೋಮೆಟ್ರಿಕ್ ಪ್ರೆಶರ್ ಅಂತ ಇನ್ನೊಂದು ರೀಡಿಂಗ್ ಬರತ್ತೆ, ಇಂಜಿನ್ ಆಫ್ ಇರೋವಾಗ ಎರಡೂ ಹತ್ರಹತ್ರ ಒಂದೇ ಇರ್ಬೇಕು, ಇಸಿಯು ತಾನೇ ಕೀ ಆನ್ ಆದಾಗ ಈ ಎರಡನ್ನೂ ಹೋಲಿಸಿ ನೋಡೋದು, ವ್ಯತ್ಯಾಸ ಜಾಸ್ತಿ ಆದ್ರೆ ಆ ಅನುಮಾನದ ಕೋಡ್ ಹಾಕೋದು. ಎರಡು ಮೂರು ಕಿಲೋಪಾಸ್ಕಲ್ ಆಚೀಚೆ ಇದ್ರೆ ತಲೆ ಕೆಡಿಸ್ಕೊಬೇಡಿ, ಅದಕ್ಕಿಂತ ಜಾಸ್ತಿ ಇದ್ರೆ ವೈರಿಂಗ್, ಸೆನ್ಸರ್ ಕಡೆ ಹೋಗಿ.

ಆಪ್‌ಗಳ ಬಗ್ಗೆ ಇನ್ನೊಂದೆರಡು ಮಾತು. ಕೆಲವು ಆಪಲ್ಲಿ ಬೂಸ್ಟ್ ಅಂತ ಬೇರೆ ಗೇಜ್ ಇರತ್ತೆ, ಅದು ವಾತಾವರಣ 101 ಅಂತ ತಾನೇ ಅಂದ್ಕೊಂಡು ಕಳೆದು ತೋರಿಸತ್ತೆ, ಆಗ ಬೆಂಗಳೂರಲ್ಲಿ ಇಂಜಿನ್ ಆಫ್ ಇದ್ರೂ ಮೈನಸ್ ಒಂದೂವರೆ ಪಿಎಸ್‌ಐ ತೋರಿಸತ್ತೆ, ಗಾಬರಿ ಬೇಡ, ಆಬ್ಸಲ್ಯೂಟ್ ನಂಬರೇ ನೋಡಿ. ಮತ್ತೆ ಓಬಿಡಿಯ ಸಾಮಾನ್ಯ ಮ್ಯಾನಿಫೋಲ್ಡ್ ಪ್ರೆಶರ್ ರೀಡಿಂಗ್ ಬರೋದು ಒಂದೇ ಬೈಟಲ್ಲಿ, 255 ಕಿಲೋಪಾಸ್ಕಲ್ ಆದ್ಮೇಲೆ ಅದು ಮೇಲೆ ಹೋಗೋದೇ ಇಲ್ಲ, ದೊಡ್ಡ ಬೂಸ್ಟಿನ ಗಾಡೀಲಿ 255ಕ್ಕೆ ಬಂದು ಅಂಟ್ಕೊಂಡ್ರೆ ಸೆನ್ಸರ್ ದೋಷ ಅಲ್ಲ, ಲೆಕ್ಕದ ಮಿತಿ.

ಇಂಜಿನ್ ಸ್ಟಾರ್ಟ್ ಮಾಡಿ

ಡೀಸೆಲಲ್ಲಿ ಐಡಲಲ್ಲಿ ಥ್ರಾಟಲ್ (ಗಾಳಿ ದಾರೀಲಿರೋ ಮುಚ್ಚಳ) ಅಡ್ಡ ಇರಲ್ಲ, ಹಂಗಾಗಿ ಮ್ಯಾನಿಫೋಲ್ಡ್ ಪ್ರೆಶರ್ ವಾತಾವರಣದ ಹತ್ರಾನೇ ಇರತ್ತೆ, ಒಂದೆರಡು ಕಿಲೋಪಾಸ್ಕಲ್ ಆಚೆ ಈಚೆ. ಟರ್ಬೋ ಪೆಟ್ರೋಲಲ್ಲಿ ಹಂಗಲ್ಲ, ಥ್ರಾಟಲ್ ಮುಚ್ಚಿರತ್ತೆ, ಮ್ಯಾನಿಫೋಲ್ಡಲ್ಲಿ 30ರಿಂದ 40ರವರೆಗೆ ಇಳಿಯತ್ತೆ, ತುಂಬಾ ಟರ್ಬೋ ಪೆಟ್ರೋಲ್‌ಗಳಲ್ಲಿ ಥ್ರಾಟಲ್‌ಗೆ ಮುಂಚೆ ಒಂದು ಬೂಸ್ಟ್ ಸೆನ್ಸರ್, ಆಮೇಲೆ ಒಂದು ಮ್ಯಾಪ್ ಸೆನ್ಸರ್ ಅಂತ ಎರಡಿರತ್ತೆ, ಯಾವ್ದರ ಕೋಡ್ ಬಂದಿದೆ ಅಂತ ನೋಡ್ದೆ ಕೈಗೆ ಸಿಕ್ಕಿದ್ದನ್ನ ಬಿಚ್ಬೇಡಿ.

ಈಗ ಒಂದ್ಸಲ ಜೋರಾಗಿ ರೇಸ್ ಮಾಡಿ ಬಿಡಿ. ನಿಂತಲ್ಲೇ ರೇಸ್ ಮಾಡಿದ್ರೆ ಲೋಡ್ ಇರಲ್ಲ, ಬೂಸ್ಟ್ ಪೂರ್ತಿ ಬರಲ್ಲ, ಅದು ಸಹಜ. ನೋಡ್ಬೇಕಾದ್ದು ನಂಬರ್ ಟಕ್ ಅಂತ ಏರಿ ಟಕ್ ಅಂತ ಇಳಿಯತ್ತಾ ಅಂತ. ಎಳ್ಕೊಂಡು ಎಳ್ಕೊಂಡು ಏರಿದ್ರೆ, ಆಕ್ಸಿಲರೇಟರ್ ಬಿಟ್ಟ ಮೇಲೂ ಪ್ರೆಶರ್ ಅಲ್ಲೇ ನಿಂತಿದ್ರೆ, ಸೆನ್ಸರ್ ಮೂತಿ ಮಸಿಯಿಂದ ಮುಚ್ಚಿದೆ ಅಂತ ಬಹುತೇಕ ಖಾತ್ರಿ. ಬಡ ಅಡಾಪ್ಟರ್‌ಗಳು ರೀಡಿಂಗೇ ನಿಧಾನ ಕೊಡೋದ್ರಿಂದ ಆಪಲ್ಲಿ ಇದೊಂದೇ ರೀಡಿಂಗ್ ಇಟ್ಕೊಂಡು ಮಿಕ್ಕಿದ್ದೆಲ್ಲಾ ತೆಗ್ದು ನೋಡಿ, ಇಲ್ದಿದ್ರೆ ಅಡಾಪ್ಟರ್ ತಪ್ಪು ಸೆನ್ಸರ್ ತಲೆಗೆ ಕಟ್ದಂಗಾಗತ್ತೆ.

ಮಸಿ

ಡೀಸೆಲ್ ಗಾಡೀಲಿ ಇಜಿಆರ್ (ಹೊಗೆಯ ಸ್ವಲ್ಪ ಭಾಗಾನ ವಾಪಸ್ ಇಂಜಿನ್‌ಗೆ ಬಿಡೋ ವಾಲ್ವ್) ಇಂದ ಮಸಿ ಬರತ್ತೆ, ಕ್ರ್ಯಾಂಕ್‌ಕೇಸ್ ಬ್ರೀದರ್ ಇಂದ ಆಯಿಲ್ ಹಬೆ ಬರತ್ತೆ, ಎರಡೂ ಸೇರಿ ಮ್ಯಾನಿಫೋಲ್ಡ್ ಒಳಗೆ ಕಪ್ಪು ಗ್ರೀಸ್ ಥರ ಕೂರತ್ತೆ, ಸೆನ್ಸರ್ ಮೂತಿಯ ಸಣ್ಣ ತೂತು ಅದ್ರಲ್ಲಿ ಮುಚ್ಚೋಗತ್ತೆ. ಸ್ಕ್ರೂ ಬಿಚ್ಚಿ ಸೆನ್ಸರ್ ಹೊರಗೆ ತೆಗೀರಿ, ಹಳೇ ಗಾಡೀಲಿ ಪ್ಲಾಸ್ಟಿಕ್ ಗಟ್ಟಿಯಾಗಿರತ್ತೆ, ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಕಿವಿ ಮುರೀತು ಅಂತಾನೇ, ಆಚೆ ಈಚೆ ತಿರುಗಿಸಿ ನಿಧಾನಕ್ಕೆ ಎಳೀರಿ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಇಲ್ಲಾ ಏರ್‌ಫ್ಲೋ ಸೆನ್ಸರ್ ಕ್ಲೀನರ್ ಮೂತಿ ಕೆಳಗೆ ಮಾಡಿ ಸ್ಪ್ರೇ ಮಾಡಿ, ಸೋರಿ ಹೋಗ್ಲಿ, ಪೂರ್ತಿ ಒಣಗ್ಲಿ. ಪಿನ್ನು, ಸೂಜಿ, ಪೊರಕೆ ಕಡ್ಡಿ ಏನನ್ನೂ ತೂತೊಳಗೆ ಹಾಕ್ಬೇಡಿ, ಕಂಪ್ರೆಸರ್ ಗಾಳಿ ನೇರ ಹೊಡೀಬೇಡಿ, ಒಳಗಿರೋ ಡಯಾಫ್ರಾಮ್ ಕಾಗದಕ್ಕಿಂತ ತೆಳು. ಕಾರ್ಬೊರೇಟರ್ ಕ್ಲೀನರ್ ಜೋರು ಜಾಸ್ತಿ, ಒಳಗಿನ ಜೆಲ್ಲನ್ನ ಹಾಳು ಮಾಡ್ಬೋದು, ಬೇಡ. ಓ ರಿಂಗ್ ಚಪ್ಪಟೆ ಆಗಿದ್ರೆ ಹೊಸದು ಹಾಕಿ, ಅಲ್ಲಿಂದ ಬೂಸ್ಟ್ ಲೀಕಾಗತ್ತೆ.

ಸೆನ್ಸರ್ ಕೈಲಿರೋವಾಗ್ಲೇ ಇನ್ನೊಂದು ಟೆಸ್ಟ್ ಮಾಡ್ಬಿಡಿ, ಖರ್ಚು ಮೆಡಿಕಲ್ ಸ್ಟೋರಿನ 50 ಎಂಎಲ್ ಸಿರಿಂಜ್ ಅಷ್ಟೇ. ಕಪ್ಲರ್ ಹಾಕಿರ್ಲಿ, ಕೀ ಆನ್ ಇರ್ಲಿ, ಸಿರಿಂಜಿಗೆ ಒಂದು ರಬ್ಬರ್ ಟ್ಯೂಬ್ ಸಿಕ್ಕಿಸಿ ಅದನ್ನ ಸೆನ್ಸರ್ ಮೂತಿಗೆ ಗಾಳಿ ಸೋರದಂಗೆ ಹಿಡಿದು ಪಿಸ್ಟನ್ ಮೆಲ್ಲಗೆ ಎಳೀರಿ, ರೀಡಿಂಗ್ ಇಳೀಬೇಕು, ಒತ್ತಿದ್ರೆ ಏರ್ಬೇಕು, ಟ್ಯೂಬ್ ತೆಗೆದ ತಕ್ಷಣ ವಾಪಸ್ 91ಕ್ಕೆ ಬರ್ಬೇಕು. ಸರಾಗವಾಗಿ ಏರಿಳಿದ್ರೆ ಸೆನ್ಸರ್, ವೈರು, ಇಸಿಯು ಮೂರೂ ಆರೋಗ್ಯವಾಗಿವೆ, ಇನ್ನು ಸೆನ್ಸರ್ ಸುದ್ದಿಗೆ ಹೋಗ್ಬೇಡಿ. ಮಧ್ಯದಲ್ಲಿ ಎಲ್ಲೋ ಒಂದ್ಕಡೆ ನಂಬರ್ ಹಾರಿದ್ರೆ, ಇಲ್ಲಾ ವಾಪಸ್ ಬರೋದು ನಿಧಾನ ಆದ್ರೆ ಆಗ ಸೆನ್ಸರ್ ಬದಲಾಯ್ಸೋಕೆ ನಿಜವಾದ ಕಾರಣ ಸಿಕ್ತು.

ಮೀಟರ್ ಹಿಡೀರಿ

ಕರೆಂಟಿನ ಕೋಡ್ ಬಂದಿದ್ರೆ ಮಲ್ಟಿಮೀಟರ್ ಬೇಕೇಬೇಕು. ಸೆನ್ಸರ್‌ಗೆ ಮೂರು ವೈರ್ ಇದ್ರೆ 5 ವೋಲ್ಟ್, ಅರ್ತ್, ಸಿಗ್ನಲ್, ನಾಲ್ಕಿದ್ರೆ ನಾಲ್ಕನೇದು ಗಾಳಿಯ ಟೆಂಪರೇಚರ್. ಬಣ್ಣ ಗಾಡಿಗೊಂದು ಥರ, ಡಯಾಗ್ರಾಮ್ ಸಿಕ್ಕಿದ್ರೆ ಒಳ್ಳೇದು. ಕಪ್ಲರ್ ಬಿಚ್ಚಿ ಕೀ ಆನ್ ಮಾಡಿ, 5 ವೋಲ್ಟ್ ಪಿನ್ನಲ್ಲಿ 4.9ರಿಂದ 5.1 ಬರ್ಬೇಕು. ಬರ್ತಿಲ್ಲ ಅಂದ ತಕ್ಷಣ ಇಸಿಯು ಹೋಯ್ತು ಅಂತ ಹೇಳೋರ ಮಾತು ಕೇಳ್ಬೇಡಿ, ಯಾಕಂದ್ರೆ ಆ 5 ವೋಲ್ಟ್ ಇದೊಂದಕ್ಕೇ ಅಲ್ಲ, ಗಾಡಿ ನೋಡ್ಕೊಂಡು ರೈಲ್ ಪ್ರೆಶರ್ ಸೆನ್ಸರ್, ಎಸಿ ಪ್ರೆಶರ್ ಸೆನ್ಸರ್, ಪೆಡಲ್ ಸೆನ್ಸರ್ ಇಂಥವಕ್ಕೂ ಅದೇ ಸಪ್ಲೈ ಹಂಚಿರತ್ತೆ, ಅವುಗಳಲ್ಲಿ ಒಂದು ಒಳಗೆ ಶಾರ್ಟ್ ಆಗಿದ್ರೆ ಎಲ್ಲರ 5 ವೋಲ್ಟೂ ಬಿದ್ದೋಗತ್ತೆ. ಒಂದೊಂದೇ ಕಪ್ಲರ್ ಬಿಚ್ತಾ ಹೋಗಿ, ಯಾವ್ದನ್ನ ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಅವನೇ ಕಳ್ಳ. ಎಲ್ಲಾ ಬಿಚ್ಚಿದ್ರೂ ಬರ್ಲಿಲ್ಲ ಅಂದ್ರೆ ವೈರ್ ಶಾರ್ಟ್ ಇದ್ಯಾ ನೋಡಿ, ಇಸಿಯು ಅನ್ನೋದು ಕೊಟ್ಟಕೊನೆ ಮಾತು.

ಅರ್ತ್ ನೋಡೋಕೆ ಕಪ್ಲರ್ ಮತ್ತೆ ಹಾಕಿ, ಹಿಂದಿನಿಂದ ತೆಳು ಪಿನ್ ಸೇರಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ ಇನ್ನೊಂದು ಸೆನ್ಸರ್ ಅರ್ತ್ ಪಿನ್ನಿಗೆ, 50 ಮಿಲಿವೋಲ್ಟ್ ಒಳಗೆ ಇರ್ಬೇಕು. ಅರ್ತ್ ಲೂಸಿದ್ರೆ ಸಿಗ್ನಲ್ ಇರೋದಕ್ಕಿಂತ ಮೇಲೆ ತೋರಿಸತ್ತೆ, ಪೂರ್ತಿ ಕಟ್ಟಾಗಿದ್ರೆ ನಾಲ್ಕು ವೈರಿನ ಸೆನ್ಸರಲ್ಲಿ ಒಂದು ಚಂದದ ಸುಳಿವು ಸಿಗತ್ತೆ, ಸ್ಕ್ಯಾನರಲ್ಲಿ ಗಾಳಿ ಟೆಂಪರೇಚರ್ ಮೈನಸ್ 40 ಡಿಗ್ರಿ, ಪ್ರೆಶರ್ ಮೇಲಿನ ಗರಿಷ್ಠ, ಎರಡೂ ಒಟ್ಟಿಗೆ. ಮಡಿಕೇರಿ ಚಳಿಗಾಲದಲ್ಲೂ ಮೈನಸ್ 40 ಇರಲ್ಲ ತಾನೇ, ಇಬ್ಬರಿಗೂ ಇರೋ ಸಾಮಾನ್ಯ ಅರ್ತ್ ಹೋಗಿದೆ ಅಂತ ಅರ್ಥ.

ಸಿಗ್ನಲ್ ವೋಲ್ಟೇಜ್ ಎಷ್ಟು ಬರ್ಬೇಕು ಅನ್ನೋದು ಸೆನ್ಸರಿನ ರೇಂಜ್ ಮೇಲೆ. 20ರಿಂದ 250 ಕಿಲೋಪಾಸ್ಕಲ್‌ಗೆ 0.4ರಿಂದ 4.65 ವೋಲ್ಟ್ ಕೊಡೋ ಬಾಷ್ ಸೆನ್ಸರ್ ಉದಾಹರಣೆ ತಗೊಂಡ್ರೆ ಬೆಂಗಳೂರಲ್ಲಿ ಇಂಜಿನ್ ಆಫ್ ಇದ್ದಾಗ ಸುಮಾರು 1.7 ವೋಲ್ಟ್, ಮಂಗಳೂರಲ್ಲಿ 1.9, ಬೂಸ್ಟ್ 200ಕ್ಕೆ ಹೋದಾಗ 3.7. ಪ್ರೆಶರ್ ಕಡೇನ ಓಮ್ಸಲ್ಲಿ ಅಳೆಯೋಕೆ ಹೋಗ್ಬೇಡಿ, ಒಳಗೆ ಚಿಪ್ ಇರೋದು, ಏನೂ ಅರ್ಥ ಆಗಲ್ಲ, ಟೆಂಪರೇಚರ್ ಪಿನ್ ಮಾತ್ರ ಅಳೀಬೋದು, 20 ಡಿಗ್ರೀಲಿ ಈ ಥರದ್ರಲ್ಲಿ ಎರಡೂವರೆ ಕಿಲೋಓಮ್ ಹತ್ರ ಇರತ್ತೆ.

ಕೋಡ್ ಪಿ0237 ಅಂದ್ರೆ ಲೋ ಅಂತ ಬಂದಿದ್ದು 5 ವೋಲ್ಟ್ ಸರಿ ಇದ್ರೆ, ಕಪ್ಲರ್ ಬಿಚ್ಚಿ ಗಾಡಿ ಕಡೆ ಕಪ್ಲರಲ್ಲಿ 5 ವೋಲ್ಟ್ ಪಿನ್ನಿಗೂ ಸಿಗ್ನಲ್ ಪಿನ್ನಿಗೂ ಸಣ್ಣ ಜಂಪರ್ ಹಾಕಿ, ಸ್ಕ್ಯಾನರಲ್ಲಿ ನಂಬರ್ ತುದಿಗೆ ಹಾರಿದ್ರೆ ಅಥ್ವಾ ಕೋಡ್ ಲೋ ಇಂದ ಹೈಗೆ ಬದಲಾದ್ರೆ ವೈರು ಇಸಿಯು ಸರಿ ಇವೆ, ತಪ್ಪು ಸೆನ್ಸರ್‌ದೇ. ಪಿನ್ ಗುರ್ತು ಪಕ್ಕಾ ಗೊತ್ತಿಲ್ದೆ ಇದನ್ನ ಮಾಡ್ಬೇಡಿ, ಮತ್ತೆ ಬಲ್ಬ್ ಹಾಕಿರೋ ಟೆಸ್ಟ್ ಲ್ಯಾಂಪ್‌ನ ಈ ವೈರ್‌ಗಳ ಹತ್ರಾನೂ ತರ್ಬೇಡಿ.

ಮೀಟರಲ್ಲಿ ಎಲ್ಲಾ ಸರಿ, ಆದ್ರೂ ಆಗಾಗ ಕೋಡ್ ಬರತ್ತೆ ಅಂದ್ರೆ ಲೈವ್ ರೀಡಿಂಗ್ ನೋಡ್ತಾ ವೈರ್ ಕಟ್ಟನ್ನ ಉದ್ದಕ್ಕೂ ಅಲ್ಲಾಡಿಸಿ. ನಮ್ ಕಡೆ ಎರಡು ಕಾರಣ ಜಾಸ್ತಿ, ಒಂದು ಇಲಿ, ಇನ್ನೊಂದು ವಾಟರ್ ಸರ್ವೀಸಲ್ಲಿ ಬಾನೆಟ್ ತೆಗ್ದು ಪ್ರೆಶರ್ ಪಂಪಲ್ಲಿ ಹೊಡ್ದಿರೋ ನೀರು. ಕಪ್ಲರ್ ಒಳಗೆ ಹಸಿರು ಕಿಲುಬು ಇದ್ಯಾ, ಸೀಲ್ ರಬ್ಬರ್ ಇದ್ಯಾ, ಪಿನ್ ಸಡಿಲ ಆಗಿದ್ಯಾ ನೋಡಿ. ಇಲಿ ಕಡಿದಿರೋ ವೈರನ್ನ ಬರೀ ಟೇಪ್ ಸುತ್ತಿ ಬಿಡೋರು ತುಂಬಾ, ಮಳೆಗಾಲಕ್ಕೆ ಅದೇ ಕೋಡ್ ಹಾಜರ್. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿ.

ಸೆನ್ಸರ್ ನಿಜ ಹೇಳ್ತಿದೆ, ಬೂಸ್ಟೇ ಇಲ್ಲ

ಇಲ್ಲೀವರೆಗೂ ಎಲ್ಲಾ ಪಾಸಾಗಿ ಪಿ0299 ಉಳಿದಿದ್ರೆ ಖಾಲಿ ರೋಡಿಗೆ ಹೋಗಿ, ಪಕ್ಕದಲ್ಲಿ ಇನ್ನೊಬ್ರು ಫೋನ್ ನೋಡ್ಲಿ, ಮೂರನೇ ಗೇರಲ್ಲಿ 1500 ಆರ್‌ಪಿಎಂ ಇಂದ ಪೂರ್ತಿ ಒತ್ತಿ 3500ರವರೆಗೆ ಎಳೀರಿ. ಇಸಿಯು ಕೇಳಿದ ಬೂಸ್ಟು, ನಿಜವಾಗಿ ಬಂದ ಬೂಸ್ಟು ಎರಡನ್ನೂ ತೋರಿಸೋ ಸ್ಕ್ಯಾನರ್ ಇದ್ರೆ ಅರ್ಧ ಕೆಲಸ ಮುಗೀತು, ಎರಡು ಗೆರೆ ಹತ್ರಹತ್ರ ಹೋಗ್ಬೇಕು. ಕೇಳೋದು 200, ಬರೋದು 140 ಅಂದ್ರೆ ಎಲ್ಲೋ ಸೋರ್ತಿದೆ ಇಲ್ಲಾ ಟರ್ಬೋ ಕೆಲಸ ಮಾಡ್ತಿಲ್ಲ.

ಮೊದ್ಲು ಇಂಟರ್‌ಕೂಲರ್ (ಟರ್ಬೋ ಗಾಳಿ ತಣ್ಣಗೆ ಮಾಡೋದು) ಹೋಸ್‌ಗಳು. ಹೊಸದಾಗಿ ಆಯಿಲ್ ಒದ್ದೆ ಆಗಿರೋ ಜಾಗ, ಕ್ಲಾಂಪ್ ಕೆಳಗೆ, ಹೋಸಿನ ಹೊಟ್ಟೆ ಕೆಳಗಡೆ, ಕೈ ಹಾಕಿ ತಡವಿ ನೋಡಿ, ಎಷ್ಟೋ ಸೀಳು ಬೂಸ್ಟ್ ಬಂದಾಗ ಮಾತ್ರ ಬಾಯಿ ಬಿಡತ್ತೆ, ನಿಂತಾಗ ಕಾಣಲ್ಲ. ಏರುವಾಗ ಸುಯ್ ಅನ್ನೋ ಸದ್ದು ಜೊತೆಗೆ ಹಿಂದೆ ಕಪ್ಪು ಹೊಗೆ ಬಂದ್ರೆ ಇದೇ. ಟರ್ಬೋ ಬಾಯಿಗೆ ಅಡ್ಡ ಮುಚ್ಚಳ ಕಟ್ಟಿ ಗಾಳಿ ತುಂಬಿಸಿ ಸೋಪ್ ನೀರು ಸ್ಪ್ರೇ ಮಾಡೋದು ಒಳ್ಳೇ ಉಪಾಯ, ಆದ್ರೆ ಪಂಕ್ಚರ್ ಅಂಗಡಿ ಕಂಪ್ರೆಸರಿನ ಗಾಳಿ ಹಂಗೇ ಬಿಟ್ರೆ ಸೀಲ್‌ಗಳು ಕಿತ್ಕೊಂಡು ಬರತ್ತೆ, ರೆಗ್ಯುಲೇಟರ್ ಹಾಕಿ 10 ಪಿಎಸ್‌ಐ ಸಾಕು.

ಆಮೇಲೆ ಟರ್ಬೋ ಕಂಟ್ರೋಲ್. 1.3 ಮಲ್ಟಿಜೆಟಲ್ಲಿ 75 ಪಿಎಸ್ ಇಂಜಿನ್‌ಗೆ ಫಿಕ್ಸೆಡ್ ಟರ್ಬೋ ಜೊತೆ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆನ ಟರ್ಬೋ ಪಕ್ಕದಿಂದ ಬಿಡೋ ಬಾಗಿಲು), ಎರ್ಟಿಗಾ, ಸಿಯಾಜ್, ಮಾಂಜಾ ಇವುಗಳಲ್ಲಿ ಬಂದ 90 ಪಿಎಸ್‌ಗೆ ವಿಜಿಟಿ, ಅಂದ್ರೆ ಒಳಗಿನ ವೇನ್‌ಗಳು (ಸಣ್ಣ ರೆಕ್ಕೆಗಳು) ತಿರುಗಿ ಬೂಸ್ಟ್ ಹೆಚ್ಚೂಕಮ್ಮಿ ಮಾಡೋ ಟರ್ಬೋ. ವಿಜಿಟಿಲಿ ವ್ಯಾಕ್ಯೂಮ್ ಹೋಸ್, ಸೊಲೆನಾಯ್ಡ್, ಮಸಿ ಕೂತು ಬಿಗಿಯಾದ ವೇನ್‌ಗಳು, ಈ ಮೂರರಲ್ಲಿ ಒಂದು. ಸ್ಟಾರ್ಟ್ ಮಾಡಿದಾಗ ಆಕ್ಚುಯೇಟರ್ ಕಡ್ಡಿ ಎಳ್ಕೊಳತ್ತಾ, ಆಫ್ ಮಾಡಿದಾಗ ತಡೆಯಿಲ್ದೆ ವಾಪಸ್ ಹೋಗತ್ತಾ ನೋಡಿ. ವ್ಯಾಕ್ಯೂಮ್ ಹೋಸ್ ಸಣ್ಣದು, ಬಿರುಕು ಬಿಟ್ರೆ ಬೆಲೆ ಚಿಲ್ಲರೆ ಕಾಸು, ಅದನ್ನ ನೋಡ್ದೆ ಟರ್ಬೋ ಇಳಿಸಿರೋ ಗಾಡಿಗಳು ಬೇಕಾದಷ್ಟಿವೆ. ಇಜಿಆರ್ ತೆರ್ಕೊಂಡೇ ಸಿಕ್ಕಾಕೊಂಡಿದ್ರೂ, ಏರ್ ಫಿಲ್ಟರ್ ಕಟ್ಕೊಂಡಿದ್ರೂ, ಬಿಎಸ್6 ಗಾಡೀಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ತುಂಬಿದ್ರೂ ಬೂಸ್ಟ್ ಕಮ್ಮಿ ಆಗತ್ತೆ.

ಸೆನ್ಸರೇ ಹೋಗಿದ್ರೆ

ಸೆನ್ಸರ್ ಮೈ ಮೇಲಿರೋ ಪಾರ್ಟ್ ನಂಬರ್ ಪೂರ್ತಿ ಬರ್ಕೊಂಡು ಹೋಗಿ, ಬೆಂಗಳೂರಿನ ಜೆ.ಸಿ. ರೋಡ್ ಸ್ಪೇರ್ ಪಾರ್ಟ್ಸ್ ಅಂಗಡೀಲಿ "ಇದೇ ಸಾರ್, ಅದೂ ಇದೂ ಒಂದೇ" ಅಂತ ಕೊಟ್ರೆ ತಗೋಬೇಡಿ. ಕಪ್ಲರ್ ಕೂರತ್ತೆ, ಸ್ಕ್ರೂ ಕೂರತ್ತೆ, ರೇಂಜ್ ಮಾತ್ರ ಬೇರೆ ಇರತ್ತೆ. ಮೇಲೆ ಹೇಳಿದ 250ರ ಜಾಗದಲ್ಲಿ 300ರವರೆಗೆ ಅಳೆಯೋ ಸೆನ್ಸರ್ ಹಾಕಿದ್ರೆ ಬೆಂಗಳೂರಲ್ಲಿ ಇಂಜಿನ್ ಆಫ್ ಇದ್ದಾಗ 91ರ ಬದ್ಲು 78 ಆಸುಪಾಸು ತೋರಿಸತ್ತೆ, ನಿಜವಾಗಿ 200 ಬೂಸ್ಟ್ ಇದ್ರೂ ಇಸಿಯುಗೆ 168 ಅಂತ ಕಾಣತ್ತೆ, ಮತ್ತೆ ಅಂಡರ್ ಬೂಸ್ಟ್ ಕೋಡು. ಹಂಗಾಗಿ ಹೊಸ ಸೆನ್ಸರ್ ಹಾಕಿದ ತಕ್ಷಣ, ಕೋಡ್ ಅಳಿಸೋಕೂ ಮುಂಚೆ, ಕೀ ಆನ್ ಮಾಡಿ ಅದೇ ಮೊದಲ್ನೇ ಟೆಸ್ಟ್ ಮಾಡಿ, ದುಡ್ಡು ಕೊಟ್ಟ ಅಂಗಡಿ ಮುಂದೇನೇ ಮಾಡಿದ್ರೆ ಇನ್ನೂ ಒಳ್ಳೇದು. ಕೋಡ್ ಅಳಿಸಿ ಬರೀ ರಿಂಗ್ ರೋಡಲ್ಲಿ ಓಡಿಸಿ ಸರಿ ಹೋಯ್ತು ಅನ್ಬೇಡಿ, ಎಸಿ ಹಾಕಿ ನಾಲ್ಕು ಜನ ಕೂರಿಸಿ ಒಳ್ಳೇ ಏರಲ್ಲಿ ಪೂರ್ತಿ ಎಳೀರಿ, ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ಕೋಡ್) ಬಂದಿದ್ಯಾ ಅಂತ ಮನೆಗೆ ಬಂದು ಇನ್ನೊಂದ್ಸಲ ಸ್ಕ್ಯಾನ್ ಮಾಡಿ. ಹಳೇ ಸೆನ್ಸರ್ ಸ್ವಲ್ಪ ದಿನ ಡಬ್ಬೀಲಿ ಇರ್ಲಿ, ಹೊಸದ್ರಲ್ಲೂ ಅದೇ ಕೋಡ್ ಬಂದ್ರೆ ಅದನ್ನೇ ವಾಪಸ್ ಹಾಕಿ ವೈರಿಂಗ್ ಕಡೆ ಹೋಗಿ.